ಲಿಫ್ಟ್ ನಿಂತರೆ ಹಾಸಿಗೆ ಹಿಡಿದವರ ಗತಿ ಏನು?

ಮಾನ್ಯ ಸಂಪಾದಕರೇ,

ಸೇಡಂ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಮೀಟರ್ ಬೋರ್ಡ್ ಹೊತ್ತಿಕೊಂಡ ಸುದ್ದಿಯನ್ನು ‘ಪ್ರಾಣಾಪಾಯ ಇಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಕಟ್ಟಡದ ಐದನೇ ಮಹಡಿಯಲ್ಲಿ ಇರುವವಳು ನಾನು. ಪ್ರಾಣ ಉಳಿದದ್ದು ಹೇಗೆ ಅಂತಲೂ ಬರೆಯಬೇಕಿತ್ತು.

ಲಕ್ವಾ ಹೊಡೆದು ಹಾಸಿಗೆ ಹಿಡಿದ ಅತ್ತೆಯವರು ಮನೆಯಲ್ಲಿದ್ದಾರೆ. ರಾತ್ರಿ ಆಕ್ಸಿಜನ್ ಹಚ್ಚುತ್ತೇವೆ. ಅವತ್ತು ಕರೆಂಟ್ ಹೋಯಿತು, ಲಿಫ್ಟ್ ನಿಂತಿತು, ಮೆಟ್ಟಿಲ ತುಂಬ ಕಪ್ಪು ಹೊಗೆ. ಬಿಪಿ ನೋಡಲು ಬಂದಿದ್ದ ನಮ್ಮ ಬಡಾವಣೆಯ ಸಿಸ್ಟರ್ ಇಲ್ಲದಿದ್ದರೆ ಮುದುಕಿಯನ್ನು ಹೊತ್ತುಕೊಂಡು ಆ ಹೊಗೆಯಲ್ಲೇ ಇಳಿಯುತ್ತಿದ್ದೆವು. ಅವರು ತಡೆದರು. ಆಕ್ಸಿಜನ್ ಇದ್ದ ಕಡೆ ಬೆಂಕಿ ಜಾಸ್ತಿ ಹಬ್ಬುತ್ತದೆ ಎಂದು ಸಿಲಿಂಡರಿನ ವಾಲ್ವ್ ನೋಡಿ ಬಿಗಿ ಮಾಡಿದರು. ಬಾಗಿಲು ಹಾಕಿ ಸಂದಿಗೆ ಒದ್ದೆ ಟವೆಲ್ ತುರುಕಿದರು. ಮಂಚವನ್ನು ಬಾಲ್ಕನಿ ಕಡೆ ಎಳೆಸಿದರು.

ಕೆಳಗೆ ಅಗ್ನಿಶಾಮಕದವರು ‘ನಡೆಯೋಕೆ ಆಗದವರು ಯಾವ ಮನೆಯಲ್ಲಿದ್ದಾರೆ?’ ಎಂದು ಕೇಳಿದರೆ ವಾಚ್‌ಮನ್‌ಗೂ ಗೊತ್ತಿಲ್ಲ, ಸಂಘದ ಕಾರ್ಯದರ್ಶಿಗೂ ಗೊತ್ತಿಲ್ಲ. ಸಿಸ್ಟರ್‌ಗೆ ಗೊತ್ತು. ಎಲ್ಲಿ ಬಾಣಂತಿ, ಎಲ್ಲಿ ಡಯಾಲಿಸಿಸ್ ರೋಗಿ, ಎಲ್ಲ ಅವರ ರಿಜಿಸ್ಟರಿನಲ್ಲಿದೆ. ಮನೆಯವರ ಒಪ್ಪಿಗೆ ತಗೊಂಡು ಆ ಪಟ್ಟಿಯನ್ನು ಅಗ್ನಿಶಾಮಕ ಠಾಣೆಗೂ ಕೊಟ್ಟರೆ ಏನು ಕಷ್ಟ? ಯಾರೂ ಅವರನ್ನು ಕೇಳಿಯೇ ಇಲ್ಲ.

ನಮ್ಮ ಮಹಡಿಯ ಬೆಂಕಿ ಆರಿಸುವ ಸಿಲಿಂಡರ್ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸಿಕ್ಕಿತು. ಒತ್ತಡ ತೋರಿಸುವ ಮುಳ್ಳು ಕೆಂಪು ಪಟ್ಟಿಗೆ ಇಳಿದಿದೆ, ಚೀಟಿಯ ಮೇಲಿನ ತಾರೀಖು ಅಳಿಸಿದೆ. ಟೆರೇಸ್ ಬಾಗಿಲಿಗೆ ಬೀಗ, ಕೀಲಿ ಯಾರ ಹತ್ತಿರವೋ. 2010ರಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಹೊಗೆಗೆ ಸಿಕ್ಕಿ, ಕಿಟಕಿಯಿಂದ ಹಾರಿ 9 ಜನ ಸತ್ತರು. ಅಷ್ಟಾದ ಮೇಲೂ ಬುದ್ಧಿ ಬರಬಾರದೇ?

ಕಲಬುರಗಿಯ ಬೇಸಿಗೆಯಲ್ಲಿ ಎಸಿ, ಕೂಲರ್ ಹಗಲು ರಾತ್ರಿ ಓಡುತ್ತವೆ. ವೈರಿಂಗ್ ಆ ಲೋಡ್ ತಡೆಯುತ್ತದೋ ಇಲ್ಲವೋ ನೋಡುವವರಿಲ್ಲ. ತೆರಿಗೆ ತಡವಾದರೆ ಮಾತ್ರ ದಂಡ ತಪ್ಪುವುದಿಲ್ಲ. ನಮ್ಮ ಗೇಟಿನ ಮುಂದೆ ಪೈಪಿಗೆ ಅಂತ ಅಗೆದ ಗುಂಡಿಯನ್ನು ಇನ್ನೂ ಮುಚ್ಚಿಲ್ಲ, ಬೆಂಕಿ ಗಾಡಿ ರಸ್ತೆಯಲ್ಲೇ ನಿಲ್ಲಬೇಕಾಯಿತು. ಬೀದಿ ದೀಪದ ಅರ್ಜಿಗೂ ಉತ್ತರ ಇಲ್ಲ. ಪರ್ಮಿಷನ್ ಕೊಡುವಾಗ ಇದ್ದ ಅಧಿಕಾರಿಗಳು ಆಮೇಲೆ ಎಲ್ಲಿ ಹೋಗುತ್ತಾರೆ?

ಪಟ್ಟಿ ಮಾಡಿ. ಬಿಲ್ಡರ್‌ಗಳನ್ನು ಹಿಡಿದು ಕೇಳಿ. ಸಿಸ್ಟರ್‌ಗಳಿಗೆ ತರಬೇತಿ ಕೊಡಿ, ಸಂಬಳವನ್ನೂ ಹೊತ್ತಿಗೆ ಸರಿಯಾಗಿ ಕೊಡಿ. ಮೊದಲು ಆ ಗುಂಡಿ ಮುಚ್ಚಿ. ಏನಾದರೂ ಮಾಡಿ, ಸುಮ್ನೆ ಕೂರಬೇಡಿ.

– ನೊಂದ ನಿವಾಸಿ, ಕಲಬುರಗಿ