ವಂಶವೃಕ್ಷ ಸಿಂಕ್ ಮಾಡೋಕ್ಮುಂಚೆ ಒಸಿ ಓದ್ಬಿಡಿ

ಎಲ್ರಿಗೂ ನಮಸ್ಕಾರ. ಮಂಡ್ಯ ಮನೆ ಕಂಪ್ಯೂಟರಲ್ಲಿ ಗ್ರ್ಯಾಂಪ್ಸ್ ಅನ್ನೋ ವಂಶವೃಕ್ಷದ ಸಾಫ್ಟ್‌ವೇರ್‌ನಲ್ಲಿರೋ ನಮ್ ವಂಶವೃಕ್ಷನ, ನೀವೆಲ್ಲ ಫೋನಲ್ಲಿ ನೋಡೋ ಅದರ ವೆಬ್ ರೂಪ ಗ್ರ್ಯಾಂಪ್ಸ್ ವೆಬ್ ಜೊತೆ ಭಾನುವಾರ ಸಿಂಕ್ ಮಾಡ್ತೀನಿ, ಅಂದ್ರೆ ಎರಡೂ ಕಡೆ ಒಂದೇ ಥರ ಇರೋ ಹಂಗೆ ಮಾಡ್ತೀನಿ, ಅದಕ್ಕೆ ಶನಿವಾರ ರಾತ್ರಿಯಿಂದ ಯಾರೂ ಏನೂ ತಿದ್ದೋಕೆ ಹೋಗ್ಬೇಡಿ. ಮೊದ್ಲು ಬ್ಯಾಕಪ್ ತಗೊಂಡೇ ಶುರು ಮಾಡೋದು.

ಜೆಡ್‌ಕಾಮ್ ಫೈಲ್ (ವಂಶವೃಕ್ಷನ ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಸಾಗಿಸೋ ಫೈಲ್) ಕಳಿಸಿದ್ರೆ ಸಾಕಲ್ವಾ ಅಂತ ಚಿಕ್ಕಪ್ಪ ಕೇಳಿದ್ರು. ಅದನ್ನ ಇರೋ ಮರಕ್ಕೇ ಮತ್ತೆ ಇಂಪೋರ್ಟ್ ಮಾಡಿದ್ರೆ ಇದ್ದೋರೆಲ್ಲ ಎರಡೆರಡು ಸಲ ಬಂದು ಕೂರ್ತಾರೆ, ಸಾಲದ್ದಕ್ಕೆ ಜೆಡ್‌ಕಾಮ್‌ನ ಹಳೇ 5.5.1 ಆವೃತ್ತಿ ಫೈಲಲ್ಲಿ ಫೋಟೋ ಎಲ್ಲಿದೆ ಅನ್ನೋ ವಿಳಾಸ ಇರುತ್ತೆ ಅಷ್ಟೇ, ಫೋಟೋ ಇರಲ್ಲ. 2021ರಲ್ಲಿ ಬಂದ 7.0ರಲ್ಲಿ ಫೋಟೋನೂ ಸೇರಿಸಿ ಜಿಪ್ ಮಾಡಬಹುದು, ಆದ್ರೆ ಎಲ್ಲಾ ಸಾಫ್ಟ್‌ವೇರೂ ಅದನ್ನ ಓದಲ್ಲ.

ಮುಖ್ಯವಾದ್ದು ಇದು. ನಮ್ಮಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಡ್ತಾರಲ್ಲ, ಹಂಗಾಗಿ ಒಂದೇ ಹೆಸರು ಎರಡ್ಕಡೆ ಕಂಡ ತಕ್ಷಣ ಡೂಪ್ಲಿಕೇಟ್ ಅಂತ ಮರ್ಜ್ (ಇಬ್ಬರನ್ನ ಒಬ್ಬರೇ ಮಾಡೋ ಬಟನ್) ಒತ್ತಬೇಡಿ, ಅಪ್ಪ ಅಮ್ಮ ಯಾರು, ಹುಟ್ಟಿದ ವರ್ಷ ಯಾವ್ದು ನೋಡಿ. ಸೋದರಮಾವನ್ನೇ ಮದ್ವೆಯಾದ ಅಜ್ಜಿ ವಿಷ್ಯದಲ್ಲೂ ಅಷ್ಟೇ, ಆ ತಾತ ಅಜ್ಜಿಗೆ ಗಂಡನೂ ಹೌದು ತಾಯಿಯ ತಮ್ಮನೂ ಹೌದು, ಎರಡು ಗೆರೆನೂ ಸರಿಯಾಗೇ ಇದೆ, ಒಂದನ್ನ ಅಳಿಸಿದ್ರೆ ಪಾಂಡವಪುರದ ಕವಲೇ ಕಳಚ್ಕೊಳ್ಳುತ್ತೆ. ಹುಟ್ಟಿದ ದಿನ ಗೊತ್ತಿಲ್ದಿದ್ರೆ ಜನವರಿ 1 ಅಂತ ಹಾಕ್ಬೇಡಿ, ಸುಮಾರು 1930 ಅಂತ್ಲೇ ಹಾಕಿ, ಗ್ರ್ಯಾಂಪ್ಸ್ ಅದನ್ನ ಒಪ್ಪುತ್ತೆ.

ಬದುಕಿರೋರ ಫೋನ್ ನಂಬರ್, ಆಧಾರ್ ಯಾವ್ದೂ ಮರದಲ್ಲಿ ಬೇಡ. ಮೈಸೂರಿನ ಅತ್ತೆ ಮನೆ ಹಳೇ ಫೋಟೋಗಳ ಹಿಂದೆ ಬರ್ದಿರೋ ಹೆಸರುಗಳ್ನೂ ಫೋಟೋ ತೆಗ್ದು ಶುಕ್ರವಾರದೊಳ್ಗೆ ಇಲ್ಲೇ ಹಾಕಿ.