ತಗ್ಗಿಸಿದ ಮೇಲೆ ಹೆಚ್ಚು ವಾಲುತ್ತಿರುವ ಕಾರಿನ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಸಸ್ಪೆನ್ಷನ್ ಮತ್ತು ವೀಲ್ ಅಲೈನ್‌ಮೆಂಟ್ ವಿಭಾಗ,
ಮೈಸೂರು

ವಿಷಯ: 1972ರ ಡಾಟ್ಸನ್ 240ಜೆಡ್ ಕಾರಿನ ಮುಂದಿನ ಸಸ್ಪೆನ್ಷನ್ ಕೆಲಸದಲ್ಲಿ ಆದ ಲೋಪ

ಮಾನ್ಯರೇ,

ಕಾರಿನ ಮುಂಭಾಗವನ್ನು ಒಂದು ಇಂಚು ತಗ್ಗಿಸಿಕೊಡಿ ಎಂದು ಕಳೆದ ತಿಂಗಳು ಕೇಳಿದವನು ನಾನೇ, ಇಲ್ಲವೆನ್ನುವುದಿಲ್ಲ. ನೀವು ಸ್ಪ್ರಿಂಗನ್ನೇ ಕತ್ತರಿಸಿ ಎರಡೂವರೆ ಇಂಚು ಇಳಿಸಿದ್ದೀರಿ. ಅಲೈನ್‌ಮೆಂಟ್ ಚೀಟಿಯಲ್ಲಿ ಅಂಕಿಗಳೆಲ್ಲ ಹಸಿರಾಗಿವೆ, ನಿಜ. ಆದರೆ ಅದು ನಿಂತ ಕಾರಿನ ಲೆಕ್ಕ.

ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಕಾರು ಈಗ ಮೊದಲಿಗಿಂತ ಹೆಚ್ಚು ವಾಲುತ್ತದೆ. ನಂಜನಗೂಡು ರಸ್ತೆಯಲ್ಲಿ ಒಂದು ಚಕ್ರ ಗುಂಡಿಗಿಳಿದರೆ ಸಾಕು, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಹೇಳಿದ್ದಕ್ಕೆ ನಿಮ್ಮ ಮೆಕ್ಯಾನಿಕ್, "ಐವತ್ತು ವರ್ಷದ ಗಾಡಿ ಸಾರ್, ಓಡುತ್ತಿರುವುದೇ ಹೆಚ್ಚು" ಎಂದರು. ಗಾಡಿಗೆ ಕಳೆದ ತಿಂಗಳೂ ಅಷ್ಟೇ ವಯಸ್ಸಾಗಿತ್ತು.

ಭಾನುವಾರ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಗಾರೆಯವರಿಂದ ಕೇಳಿ ತಂದ ರಸಮಟ್ಟವನ್ನು ಲೋಯರ್ ಆರ್ಮ್‌ಗೆ, ಅಂದರೆ ಚಕ್ರದ ಬುಡವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳತೋಳಿಗೆ, ಹಿಡಿದೆ. ಗುಳ್ಳೆ ಚಕ್ರದ ಕಡೆಗೆ ಓಡಿತು. ಸ್ಕೇಲಿನಲ್ಲೂ ಅಳೆದೆ: ಆರ್ಮ್‌ನ ಚಕ್ರದ ತುದಿಯಲ್ಲಿರುವ ಬಾಲ್ ಜಾಯಿಂಟ್, ಚೌಕಟ್ಟಿನ ಬದಿಯ ಬುಷ್‌ಗಿಂತ ಬೆರಳಗಲ ಮೇಲಿದೆ. ನಿಮ್ಮಲ್ಲಿಗೆ ಬರುವ ಮುನ್ನ ಅದು ಕೆಳಗಿತ್ತು.

ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಇರುವ ಈ ಬಗೆಯ ಕಾರಿನಲ್ಲಿ ಮೇಲಿನ ಆರ್ಮ್ ಇರುವುದಿಲ್ಲ. ಹಾಗಾಗಿ ಕೆಳಗಿನ ಆರ್ಮ್‌ನ ಓರೆಯ ಮೇಲೆ ಬಹಳಷ್ಟು ನಿಂತಿದೆ. ಅದು ಚಕ್ರದ ಕಡೆಗೆ ಇಳಿಜಾರಾಗಿದ್ದರೆ, ಚಕ್ರ ಮೇಲೇರಿದಂತೆ ಬಾಲ್ ಜಾಯಿಂಟ್ ಹೊರಕ್ಕೆ ಸರಿದು ಟೈರಿನ ಬುಡವನ್ನು ಹೊರಗೆ ತಳ್ಳುತ್ತದೆ. ತಿರುವಿನಲ್ಲಿ ಬೇಕಾದದ್ದು ಅದೇ. ಆರ್ಮ್ ಏರುಮುಖವಾದರೆ ಬಾಲ್ ಜಾಯಿಂಟ್ ಒಳಕ್ಕೆ ಸರಿಯತೊಡಗುತ್ತದೆ. ಸ್ಟ್ರಟ್‌ನೊಂದಿಗಿನ ಕೋನ 90 ಡಿಗ್ರಿ ದಾಟಿದ ಮೇಲಂತೂ ಗಳಿಸಿದ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿದ ಓರೆ) ಕರಗಿ, ಟೈರು ಹೊರಅಂಚಿನ ಮೇಲೆ ಹೊರಳುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿರುವುದು ರೋಲ್ ಸೆಂಟರ್‌ಗೆ, ಅಂದರೆ ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದಕ್ಕೆ. ಬಾಡಿ ಇಳಿದದ್ದಕ್ಕಿಂತ ಅದು ಹೆಚ್ಚು ಇಳಿಯುತ್ತದೆ. ಗುರುತ್ವಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಬೆಳೆದು, ಕಾರನ್ನು ವಾಲಿಸುವ ಸನ್ನೆಗೋಲು ಉದ್ದವಾಗುತ್ತದೆ. ತಗ್ಗಿದ ಕಾರು ಹೆಚ್ಚು ವಾಲುತ್ತಿರುವುದು ಇದರಿಂದಲೇ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಕೂಡ ಆರ್ಮ್‌ನೊಂದಿಗೆ ಹೆಜ್ಜೆ ತಪ್ಪಿದೆ. ಗುಂಡಿ ಸಿಕ್ಕಾಗ ಚಕ್ರವನ್ನು ತಿರುಗಿಸುವವನು ನಾನಲ್ಲ, ಅದು.

ಬಿಲ್ಲಿನಲ್ಲಿ "ಕ್ಯಾಂಬರ್ ಹೊಂದಾಣಿಕೆ" ಎಂದು 1,800 ರೂಪಾಯಿ ಹಾಕಿದ್ದೀರಿ. ಕಾರ್ಖಾನೆಯ ಮೂಲ ವಿನ್ಯಾಸದಲ್ಲಿ ಈ ಕಾರಿನ ಮುಂದಿನ ಕ್ಯಾಂಬರ್ ಹೊಂದಿಸಲು ಅವಕಾಶವೇ ಇಲ್ಲ. ತಿರುಗಿಸಿ ಸರಿಪಡಿಸಬಹುದಾದದ್ದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಮಾತ್ರ. ಯಾವ ನಟ್ಟನ್ನು ತಿರುಗಿಸಿದಿರಿ ಎಂದು ದಯವಿಟ್ಟು ತಿಳಿಸಿ.

ಒಂದೇ ಇಂಚು ತಗ್ಗುವಂತಹ ಸರಿಯಾದ ಸ್ಪ್ರಿಂಗ್‌ಗಳನ್ನು ನಿಮ್ಮ ಖರ್ಚಿನಲ್ಲಿ ಹಾಕಿಕೊಡಬೇಕು, ಆ 1,800 ರೂಪಾಯಿ ಹಿಂದಿರುಗಿಸಬೇಕು. ಸ್ಟ್ರಟ್‌ನ ಬುಡಕ್ಕೂ ಸ್ಟೀರಿಂಗ್ ಆರ್ಮ್‌ಗೂ ನಡುವೆ ಸ್ಪೇಸರ್ (ದಪ್ಪ ಬಿಲ್ಲೆ) ಕೂರಿಸಿ ಆರ್ಮ್‌ನ ಓರೆ ಸರಿಪಡಿಸುವ ದಾರಿಯೂ ಇದೆ; ಆದರೆ 14 ಇಂಚಿನ ರಿಮ್‌ಗೆ ಏನೂ ತಾಗುವುದಿಲ್ಲ ಎಂದು ತೋರಿಸಿದ ಮೇಲಷ್ಟೇ ಒಪ್ಪುತ್ತೇನೆ. ಕಾರು ಒಪ್ಪಿಸುವ ಮುನ್ನ ಸ್ಪ್ರಿಂಗ್ ತೆಗೆದು, ಜಾಕ್‌ನಿಂದ ಚಕ್ರವನ್ನು ಏರಿಳಿಸಿ, ಟೋ ಎಷ್ಟು ಬದಲಾಗುತ್ತದೆಂದು ನನ್ನೆದುರಿಗೇ ಅಳೆಯಬೇಕು.

15 ದಿನಗಳಲ್ಲಿ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಕಾರು ಯಾವ ದಿನ ತರಬೇಕೆಂದು ತಿಳಿಸಿ. ರಸಮಟ್ಟ ನಾನೇ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ