ಎಂಎಲ್‌ಎ ಸಾಹೇಬ್ರೇ, ಕೆರೆಗೆ ಫೌಂಟೇನ್ ಆಮೇಲೆ ಹಾಕ್ಸಿ, ಮೊದ್ಲು ಮೋರಿ ನೀರು ನಿಲ್ಸಿ

ನಮಸ್ಕಾರ ಸಾರ್,

ಹೋದ ವಾರ ನಮ್ಮ ಕೆರೆ ಗೇಟಿಗೆ ನಿಮ್ಮ ಫ್ಲೆಕ್ಸ್ ಬಂತು, ಕೈ ಮುಗಿದಿರೋ ಫೋಟೋ, ಕೆಳಗೆ ಕೆರೆ ಸೌಂದರ್ಯೀಕರಣ ಕಾಮಗಾರಿ ಅಂತ. ಗುದ್ದಲಿ ಪೂಜೆನೂ ಆಯ್ತು, ಖುಷಿನೇ. ಆದ್ರೆ ಪ್ಲ್ಯಾನ್ ಕೇಳಿ ಇಸ್ಕೊಂಡು ನೋಡಿದ್ವಿ, ಮ್ಯೂಸಿಕಲ್ ಫೌಂಟೇನ್ ಇದೆ, ಗ್ರಾನೈಟ್ ಬೆಂಚಿದೆ, ಸೆಲ್ಫಿ ಪಾಯಿಂಟ್ ಇದೆ, ಏರಿ ಉದ್ದಕ್ಕೂ ಪೇವರ್ ಬ್ಲಾಕ್ ಇದೆ, ರಾಜಕಾಲುವೆಲಿ ಬರ್ತಿರೋ ಯುಜಿಡಿ (ಒಳಚರಂಡಿ) ನೀರಿನ ಬಗ್ಗೆ ಮಾತ್ರ ಒಂದು ಗೆರೆನೂ ಇಲ್ಲ. ಆ ಫೌಂಟೇನ್ ಚಿಮ್ಮೋದು ಇದೇ ನೀರನ್ನ ತಾನೆ ಸಾರ್? ಸೆಲ್ಫಿ ತಗೊಳ್ಳೋರ ಮುಖಕ್ಕೇ ಸಿಡಿಯುತ್ತೆ.

ನಾವು ಯಾವ ಪಾರ್ಟಿಯೋರೂ ಅಲ್ಲ. ಅಪಾರ್ಟ್‌ಮೆಂಟಿನೋರು ಒಂದಷ್ಟು ಜನ, ಹಳೇ ಊರಿನೋರು ಒಂದಷ್ಟು ಜನ, ಐದು ವರ್ಷದಿಂದ ಭಾನುವಾರ ಬೆಳಿಗ್ಗೆ ಸೇರ್ತೀವಿ. ಕಾಲುವೆ ಬಾಯಿಗೆ ಒಂದು ಕಬ್ಬಿಣದ ಜಾಲರಿ ನಾವೇ ಚಂದಾ ಎತ್ತಿ ಮಾಡ್ಸಿ ಕೂರ್ಸಿದೀವಿ, ಪ್ರತಿ ವಾರ ಅದಕ್ಕೆ ಸಿಕ್ಕಿಹಾಕ್ಕೊಂಡಿದ್ದನ್ನ ಎಳೆದು ಹಾಕೋದೇ ಎರಡು ಗಂಟೆ ಕೆಲ್ಸ. ಹಾಲಿನ ಕವರು, ಒಂಟಿ ಚಪ್ಪಲಿ, ಥರ್ಮೋಕೋಲು, ಒಂದ್ಸಲ ಫ್ರೇಮ್ ಸಮೇತ ಲಕ್ಷ್ಮಿ ಫೋಟೋ (ಅದನ್ನ ಎತ್ತಿ ಎಲ್ಲಿಡೋದು ಅಂತ ಯಾರಿಗೂ ಗೊತ್ತಾಗ್ದೆ ಅರ್ಧ ಗಂಟೆ ಹೋಯ್ತು). ಮೊದ್ಲ ವರ್ಷ ನಾವು ಕೆರೆ ಒಳಗಿನ ಅಂತರಗಂಗೆ ಕಳೆ ಕಿತ್ತಿದ್ದೇ ಕಿತ್ತಿದ್ದು, ಎರಡು ತಿಂಗಳಿಗೆ ವಾಪಸ್ ತುಂಬ್ಕೊಳ್ತು, ಆಮೇಲೆ ಗೊತ್ತಾಯ್ತು ಅದಕ್ಕೆ ಗೊಬ್ರ ಹಾಕ್ತಿರೋದೇ ಈ ಕೊಳಚೆ, ಅದು ನಿಲ್ಲೋವರೆಗೂ ನಾವು ಎಷ್ಟು ಕಿತ್ರೂ ಅಷ್ಟೇ.

ಇದೇನೂ ಹೊಸ ವಿದ್ಯೆ ಅಲ್ಲ ಸಾರ್, ಇದೇ ಬೆಂಗಳೂರಲ್ಲಿ ಮಾಡಿ ತೋರ್ಸಿದಾರೆ. ಜಕ್ಕೂರು ಕೆರೆಗೆ ಹೋಗಿ ನೋಡಿ, ಶುದ್ಧೀಕರಣ ಘಟಕದಿಂದ ಬಂದ ನೀರು ನೇರ ಕೆರೆಗೆ ಇಳಿಯಲ್ಲ, ಮೊದ್ಲು ಜೊಂಡು ಬೆಳೆದಿರೋ ಜವುಗಲ್ಲಿ ನಿಧಾನಕ್ಕೆ ಹಾದು ಇನ್ನಷ್ಟು ತಿಳಿಯಾಗಿ ಆಮೇಲೆ ಇಳಿಯುತ್ತೆ. ಜೆ.ಪಿ. ನಗರದ ಹತ್ರ ಪುಟ್ಟೇನಹಳ್ಳಿಲಿ ಅಕ್ಕಪಕ್ಕದ ನಿವಾಸಿಗಳು ಟ್ರಸ್ಟ್ ಮಾಡ್ಕೊಂಡು 2011ರಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ಜೊತೆ ಕೆರೆ ನೋಡ್ಕೊಳ್ಳೋ ಒಪ್ಪಂದ ಮಾಡ್ಕೊಂಡ್ರು, ಪಕ್ಕದ ಅಪಾರ್ಟ್‌ಮೆಂಟ್‌ನಲ್ಲಿ ಶುದ್ಧ ಮಾಡಿದ ನೀರನ್ನೇ ಕೆರೆಗೆ ತಂದ್ರು. ಸರ್ಜಾಪುರ ರೋಡಿನ ಕೈಕೊಂಡ್ರಹಳ್ಳಿ ಕೆರೆನೂ ಹಾಗೇ, ಪಾಲಿಕೆ ದುಡ್ಡು ಹಾಕ್ತು, ಪ್ಲ್ಯಾನ್ ಮಾಡೋವಾಗ ಜನಾನೂ ಜೊತೆಗೆ ಕೂತಿದ್ರು. ಅಲ್ಲಿಂದ ಕೆಳಗೆ ಹೋಗೋ ನೀರು ಸೌಳು ಕೆರೆ ದಾಟಿ ಬೆಳ್ಳಂದೂರಿಗೇ ಸೇರೋದು, 2018ರ ಜನವರಿಲಿ ಬೆಂಕಿ ಹತ್ಕೊಂಡು ಆರ್ಸೋಕೆ ಸೇನೆಯವರೇ ಬರ್ಬೇಕಾಯ್ತಲ್ಲ, ಅದೇ ಬೆಳ್ಳಂದೂರು. ಮೇಲಿನ ಕೆರೆ ಕೆಟ್ರೆ ಕೆಳಗಿಂದು ಉಳಿಯುತ್ತಾ?

ಇನ್ನು ಪೇಪರ್ ವಿಷ್ಯ. ಕಂಪನಿಗಳ ಜೊತೆ ಕೆರೆ ನೋಡ್ಕೊಳ್ಳೋ ಒಪ್ಪಂದ ಮಾಡ್ಕೋಬೇಡಿ ಅಂತ 2020ರಲ್ಲಿ ಹೈಕೋರ್ಟು ತಡೆ ಹಾಕ್ತು, ಆ ಗಾಳಿಗೆ ಸಾಮಾನ್ಯ ಜನರ ಟ್ರಸ್ಟುಗಳ ಒಪ್ಪಂದಾನೂ ರಿನ್ಯೂ ಆಗ್ದೆ ನಿಂತೋಯ್ತು. ಕಂಪನಿ ಬೇರೆ, ಪೊರಕೆ ಹಿಡ್ಕೊಂಡು ಬರೋ ರಿಟೈರ್ಡ್ ಮೇಷ್ಟ್ರು ಬೇರೆ ಅಲ್ವಾ ಸಾರ್. ಈಗ ನಮ್ಮ ಕೈಲಿ ಒಂದು ಚೀಟಿನೂ ಇಲ್ಲ, ಗೇಟಿನ ಸೆಕ್ಯುರಿಟಿ ಮೂಡ್ ಇದ್ರೆ ಬಿಡ್ತಾನೆ ಇಲ್ದಿದ್ರೆ ಇಲ್ಲ. ಮೋರಿ ನೀರಿನ ದೂರು ಒಂದು ಆಫೀಸಿಗೆ ಕೊಟ್ರೆ ಅದು ಪೈಪಿನೋರ ಕೆಲ್ಸ ಅಂತಾರೆ, ಪೈಪಿನೋರು ಕಾಲುವೆಯೋರ ಕಡೆ ಕೈ ತೋರಿಸ್ತಾರೆ, ಅಷ್ಟರಲ್ಲಿ 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿನೇ ಹೋಗಿ ಐದು ಪಾಲಿಕೆ ಆಯ್ತು, ನಮ್ಮ ಫೈಲು ಯಾವ ಬೀರುಲಿದೆಯೋ ಆ ಶಿವನಿಗೇ ಗೊತ್ತು.

ಇನ್ನೊಂದು ಹೇಳ್ಬೇಕು. ಹಳೇ ಊರಲ್ಲೊಬ್ರು ತಾತ ಇದಾರೆ, ಅವ್ರ ಮನೆಯೋರು ಹಿಂದೆ ಇದೇ ಕೆರೆಗೆ ನೀರಗಂಟಿ (ಗದ್ದೆಗೆ ನೀರು ಬಿಡೋರು) ಆಗಿದ್ರಂತೆ. ಹೋದ ಬೇಸಿಗೆಲಿ ಕೋಲೂರ್ಕೊಂಡು ಬಂದು ಏರಿ ಮೇಲೆ ಹೆಜ್ಜೆ ಎಣಿಸ್ಕೊಂಡು ಹೋಗಿ ಇಲ್ಲಿ ಅಗೀರಿ ಅಂದ್ರು. ಎರಡಡಿ ಡೆಬ್ರಿಸ್ ಕೆಳಗೆ ತೂಬಿನ (ಕೆರೆ ನೀರು ಹೊರಗೆ ಬಿಡೋ ಬಾಗಿಲಿನ) ಕಲ್ಲುಗಳು ಸಿಕ್ವು! ಎರಡು ಕಂಬ ನೆಟ್ಟಗೆ ನಿಂತಿವೆ, ಮೇಲಿನ ಅಡ್ಡಗಲ್ಲು ಒಂದು ಕಡೆ ಮುರಿದಿದೆ ಅಷ್ಟೇ. ನಿಮ್ಮ ಪ್ಲ್ಯಾನಲ್ಲಿ ಸರಿಯಾಗಿ ಆ ಜಾಗದಲ್ಲೇ ಸೆಲ್ಫಿ ಪಾಯಿಂಟ್ ಬರುತ್ತೆ. ಪ್ಲ್ಯಾನ್ ಬರೆದೋರು ಕೆರೆಗೆ ಬಂದಿದ್ರೋ ಇಲ್ಲಾ ಗೂಗಲ್ ಮ್ಯಾಪ್ ನೋಡಿ ಬರೆದ್ರೋ, ನೀವೇ ಕೇಳಿ.

ನಮಗೆ ದುಡ್ಡು ಬೇಡ ಸಾರ್. ಇರೋ ದುಡ್ಡನ್ನೇ ಮೊದ್ಲು ಯುಜಿಡಿ ಲೈನ್ ಬೇರೆ ಮಾಡೋಕೆ ಹಾಕ್ಸಿ, ಉಳಿದ್ರೆ ಒಂದಷ್ಟು ಜವುಗು ಮಾಡ್ಸಿ, ತೂಬು ಮುಚ್ಬೇಡಿ, ನಮಗೊಂದು ಬರವಣಿಗೆಲಿ ಪರ್ಮಿಷನ್ ಕೊಡ್ಸಿ. ಫೌಂಟೇನ್ ಬಗ್ಗೆ ಆಮೇಲೆ ಜಗಳ ಆಡೋಣ.

ಒಂದ್ಸಲ ಬಂದು ನೋಡಿ. ಆದ್ರೆ ಹನ್ನೊಂದು ಗಂಟೆಗೆ ಬರ್ಬೇಡಿ, ಅಷ್ಟೊತ್ತಿಗೆ ಹರಿವು ಕಮ್ಮಿ ಆಗಿ ಎಲ್ಲಾ ಚೆನ್ನಾಗೇ ಕಾಣುತ್ತೆ. ಬೆಳಿಗ್ಗೆ ಏಳಕ್ಕೆ ಬನ್ನಿ, ಊರೆಲ್ಲಾ ಸ್ನಾನ ಮಾಡೋ ಟೈಮು, ಕಾಲುವೆ ಬಾಯಲ್ಲಿ ನೊರೆ ಎದ್ದಿರುತ್ತೆ. ನಾವು ಜಾಲರಿ ಹತ್ರಾನೇ ಇರ್ತೀವಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರರು, ಭಾನುವಾರದ ಕೆರೆ ಗ್ಯಾಂಗ್